ಅಡ್ಡಹೆಸರು ಮತ್ತು ಪರದೆ: 2025ರಲ್ಲಿ ಮೆಚ್ಚಿದ, ಮೆಚ್ಚದ ಚಿತ್ರಗಳು

ವರ್ಷ ಮುಗಿಯುತ್ತಿದ್ದಂತೆ ಪತ್ರಿಕೆಗಳು ಸಿನಿಮಾಗಳ ಪಟ್ಟಿ ಹಾಕುತ್ತವೆ. ಮೆಚ್ಚಿದವು ಹತ್ತು, ಮೆಚ್ಚದವು ಹತ್ತು. ಛಾಯಾಗ್ರಹಣ ಹೇಗಿತ್ತು, ಸಂಗೀತ ಹೇಗಿತ್ತು, ಎಷ್ಟು ಕೋಟಿ ಗಳಿಸಿತು ಎಂಬ ವಿವರಗಳೆಲ್ಲ ಅಲ್ಲಿರುತ್ತವೆ. ನೋಡಿದವನು ಯಾವ ಓಣಿಯಿಂದ ಎದ್ದು ಬಂದು ನೋಡಿದ ಎಂಬ ವಿವರ ಮಾತ್ರ ಇರುವುದಿಲ್ಲ. 'ಪ್ರೇಕ್ಷಕ' ಎಂಬ ಒಂದು ಶಬ್ದದೊಳಗೆ ಊರು, ಕೇರಿ ಎರಡೂ ಸೇರಿ ಒಂದಾಗಿಬಿಟ್ಟಿವೆ ಎಂದು ನಮ್ಮ ಸಿನಿಮಾ ವಿಮರ್ಶೆ ನಂಬಿಕೊಂಡಿದೆ. ಹೊರಗೆ ಎಲ್ಲೂ ಆಗದ ಈ ಪವಾಡ ಟಾಕೀಜಿನ ಕತ್ತಲೆಯಲ್ಲಿ ಹೇಗಾಯಿತೋ! ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಕಾವ್ಯ, ಕಾದಂಬರಿಗಳ ನಡುವೆ ಸಿನಿಮಾದ ಮಾತು ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ಕೇರಿಯ ಹುಡುಗರು ಪುಸ್ತಕಕ್ಕಿಂತ ಮೊದಲು ಪರದೆಯ ಮೇಲೆ ತಮ್ಮನ್ನು ಹುಡುಕಿಕೊಳ್ಳುತ್ತಾರೆ. ಸಿಗದಿದ್ದರೆ ನಾಯಕನ ಮುಖವನ್ನೇ ತಮ್ಮದೆಂದುಕೊಂಡು ಹೊರಗೆ ಬರುತ್ತಾರೆ. ಹಾಗಾಗಿ ಈ ಮಾತು.

ನಾನು ಈ ವರ್ಷದ ಚಿತ್ರಗಳನ್ನು ಮೂರು ಕಡೆ ನೋಡಿದೆ: ಗೋಕಾಕದ ಟಾಕೀಜಿನಲ್ಲಿ, ಮೂಡಲಗಿಯ ಗೆಳೆಯರ ಮೊಬೈಲಿನಲ್ಲಿ, ಹುಕ್ಕೇರಿ ಕಡೆಯ ಒಂದು ಮನೆಯ ಟೀವಿಯಲ್ಲಿ. ಈ ಮೂರೂ ತಾಲೂಕಿನಲ್ಲಿ ಹೊಸಬನೊಬ್ಬ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತರೆ ಮೊದಲ ಪ್ರಶ್ನೆ "ಯಾವೂರ್ರಿ?" ಎಂದು. ಎರಡನೆಯದು "ಹೆಸರೇನ್ರಿ?" ಎಂದು. ಹೆಸರು ಹೇಳಿದ ಮೇಲೆ ಒಂದು ಕ್ಷಣ ಬಿಟ್ಟು ಮೂರನೆಯದು ಬರುತ್ತದೆ: "ಅಡ್ಡಹೆಸರು?" ಈ ಮೂರನೆಯ ಪ್ರಶ್ನೆಗಾಗಿಯೇ ಮೊದಲ ಎರಡನ್ನು ಕೇಳಿರುತ್ತಾರೆ. ಮಾದರ, ಕಾಂಬಳೆ, ಹರಿಜನ ಎಂದ ಮೇಲೆ ಮಾತು ನಿಲ್ಲುತ್ತದೆ, ಇಲ್ಲವೆ ಮಾತಿನ ಧಾಟಿ ಬದಲಾಗುತ್ತದೆ. 'ರೀ' ಇದ್ದದ್ದು 'ಲೇ' ಆಗುವುದನ್ನು ನಾವು ಕಿವಿಯಿಂದಲೇ ಅಳೆಯಬಲ್ಲೆವು. ಹೀಗೆ ಅಳೆದ ಕಿವಿಯನ್ನೇ ಇಟ್ಟುಕೊಂಡು ನಾನು ಸಿನಿಮಾ ನೋಡುತ್ತೇನೆ. ಪರದೆಯ ಮೇಲಿನ ಮನುಷ್ಯನಿಗೆ ಅಡ್ಡಹೆಸರು ಇದೆಯೇ? ಇದ್ದರೆ ಅದನ್ನು ಹೇಳಿದ ಮೇಲೆ ಅವನಿಗೆ ಏನಾಗುತ್ತದೆ, ಅದನ್ನು ಕೊನೆಯ ತನಕ ನೋಡುವ ಧೈರ್ಯ ಚಿತ್ರಕ್ಕಿದೆಯೇ? ನನ್ನ ಮೆಚ್ಚುಗೆ, ಬೇಸರ ಎರಡೂ ಈ ಪ್ರಶ್ನೆಗಳಿಂದಲೇ ಹುಟ್ಟಿದವು. ಇದು ಸಂಕುಚಿತ ಅಳತೆಗೋಲು ಎನ್ನುವವರು ತಮ್ಮ ಅಳತೆಗೋಲನ್ನು ಯಾರು ಕೊಟ್ಟರು ಎಂದು ಒಮ್ಮೆ ಯೋಚಿಸಲಿ.

2025 ಹೆಸರಿನ ವರ್ಷವೇ ಆಗಿತ್ತು. ಮೇ 5ರಿಂದ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗದ ಗಣತಿದಾರರು ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಯವರ ಮನೆ ಮನೆಗೆ ಬಂದರು. 'ಆದಿ ಕರ್ನಾಟಕ', 'ಆದಿ ದ್ರಾವಿಡ' ಎಂಬ ಗುಂಪು ಹೆಸರು ಸಾಲದು, ಮೂಲ ಜಾತಿ ಯಾವುದು, ಬಾಯಿ ಬಿಟ್ಟು ಹೇಳಿ ಎಂದರು. ಅಂಜುತ್ತ, ಹಂಜುತ್ತ, ಕೆಲವರು ಎದೆ ಉಬ್ಬಿಸಿ, ಜನ ಹೇಳಿದರು. ಆಗಸ್ಟ್ 4ರಂದು ವರದಿ ಬಂತು, 19ರಂದು ಸಚಿವ ಸಂಪುಟ ಶೇಕಡಾ 17ನ್ನು 6, 6, 5 ಎಂದು ಹಂಚಿತು. ಆ ಹಂಚಿಕೆಯ ಜಗಳ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ನನಗೆ ಸೋಜಿಗವೆನಿಸಿದ್ದು ಇದು: ಸರ್ಕಾರದ ಒಂದು ಕೈ ನಮ್ಮ ಹೊಸ್ತಿಲಲ್ಲಿ ನಿಂತು ಜಾತಿಯ ಹೆಸರು ಹೇಳು ಎನ್ನುವುದಕ್ಕೆ ಕೆಲವೇ ವಾರ ಮೊದಲು, ಇನ್ನೊಂದು ಕೈ ಸಿನಿಮಾದೊಳಗಿಂದ ಅದೇ ಹೆಸರುಗಳನ್ನು ಕತ್ತರಿಸುತ್ತಿತ್ತು.

'ಫುಲೆ' ಎಂಬ ಹಿಂದಿ ಚಿತ್ರದ ಮಾತು. ಅನಂತ ಮಹಾದೇವನ್ ನಿರ್ದೇಶನ, ಜೋತಿಬಾ ಆಗಿ ಪ್ರತೀಕ್ ಗಾಂಧಿ, ಸಾವಿತ್ರಿಬಾಯಿಯಾಗಿ ಪತ್ರಲೇಖಾ. ಜೋತಿಬಾ ಹುಟ್ಟಿದ ದಿನವಾದ ಏಪ್ರಿಲ್ 11ಕ್ಕೆ ತೆರೆ ಕಾಣಬೇಕಿತ್ತು. ಬ್ರಾಹ್ಮಣ ಸಂಘಟನೆಗಳ ತಕರಾರು, ಸೆನ್ಸಾರಿನ ತಿದ್ದುಪಡಿ ಎಲ್ಲ ಮುಗಿದು 25ಕ್ಕೆ ಬಂತು. ತೆಗೆಯಲು ಹೇಳಿದ್ದು ಏನು? 'ಮಹಾರ', 'ಮಾಂಗ', 'ಪೇಶ್ವಾಯಿ' ಎಂಬ ಮಾತುಗಳು. ಮೂರು ಸಾವಿರ ವರ್ಷದ ಗುಲಾಮಗಿರಿ ಎಂಬುದು 'ಹಲವು ವರ್ಷ' ಆಯಿತು. ಹುಕ್ಕೇರಿ, ಚಿಕ್ಕೋಡಿ, ನಿಪ್ಪಾಣಿಯ ಕಡೆ ಮಾಂಗ, ಮಹಾರ ಎಂಬುವು ಬರೀ ಶಬ್ದಗಳಲ್ಲ, ಬದುಕಿರುವ ಮಂದಿ. ಕರ್ನಾಟಕದ 101 ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆ ಹೆಸರುಗಳಿವೆ. ತಹಶೀಲ್ದಾರ ಕಚೇರಿಯ ಜಾತಿ ಪ್ರಮಾಣಪತ್ರದಲ್ಲಿ ಸಿಕ್ಕಾ ಬೀಳಬಹುದಾದ ಹೆಸರು ಟಾಕೀಜಿನಲ್ಲಿ ಮಾತ್ರ ಕೇಳಬಾರದು! ಸಾವಿತ್ರಿಬಾಯಿಯ ಶಾಲೆಯಲ್ಲಿ ಕಲಿತ ಮಾಂಗ ಜಾತಿಯ ಹುಡುಗಿ ಮುಕ್ತಾ ಸಾಳವೆ 1855ರಲ್ಲಿ 'ಜ್ಞಾನೋದಯ' ಪತ್ರಿಕೆಗೆ ಒಂದು ನಿಬಂಧ ಬರೆದಳು. ಮಾಂಗ ಮಹಾರರ ದುಃಖದ ಕುರಿತು ಎಂಬುದೇ ಅದರ ತಲೆಬರಹ. ಹದಿಹರೆಯದ ಹುಡುಗಿ 1855ರಲ್ಲಿ ಅಚ್ಚು ಹಾಕಿಸಿದ ಎರಡು ಶಬ್ದಗಳನ್ನು 170 ವರ್ಷಗಳ ಮೇಲೆ, ಆಕೆಯ ಗುರುಗಳ ಬಗೆಗಿನ ಚಿತ್ರದಲ್ಲಿಯೇ ಆಡಗೊಡಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ 'ಫುಲೆ' ನನ್ನ ಮೆಚ್ಚಿನ ಚಿತ್ರ ಎಂದುಕೊಳ್ಳಬೇಡಿ. ಚಿತ್ರಕ್ಕೆ ಅನ್ಯಾಯವಾಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ಮೆಚ್ಚಿಕೊಳ್ಳುವ ಚಟ ನಮ್ಮ ಚಳವಳಿಯಲ್ಲಿ ಬೆಳೆದಿದೆ, ಅದು ವಿಮರ್ಶೆಗೆ ಒಳ್ಳೆಯದಲ್ಲ. ಇಲ್ಲಿ ಎಲ್ಲರೂ ಶಾಲೆಯ ಗ್ಯಾದರಿಂಗಿನ ನಾಟಕದಂತೆ ನಿಂತು ಮಾತಾಡುತ್ತಾರೆ. ಜೋತಿಬಾ ಬಾಯಿ ತೆರೆದರೆ ಸುಭಾಷಿತ. ಸತ್ಯಶೋಧಕನ ಸಿಟ್ಟು, ಕುಚೋದ್ಯ, ಎದುರಾಳಿಯನ್ನು ಮಾತಿನಲ್ಲೇ ಕೆಡವುವ ಗಟ್ಟಿತನ ಎಲ್ಲಿಯೂ ಇಲ್ಲ. ಕತ್ತರಿ ಬೀಳುವ ಮೊದಲೇ ಈ ಚಿತ್ರ ಅರ್ಧ ಹೆದರಿತ್ತು ಎನಿಸುತ್ತದೆ. ಆದರೂ ಏಪ್ರಿಲ್ ತಿಂಗಳಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಚಿತ್ರ. ತೋರಿಸಿಯೂ ಆಯಿತು.

ಇದೇ ವರ್ಷದ ಫೆಬ್ರುವರಿಯಲ್ಲಿ ಬಂದ 'ಛಾವಾ' ನಮ್ಮ ಗಡಿಭಾಗದಲ್ಲಿ ಮಾಡಿದ ಗದ್ದಲ ಬೇರೆ ತರದ್ದು. ಸಂಭಾಜಿಯ ಚಿತ್ರಹಿಂಸೆಯನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ, ರಕ್ತ ಮಾಂಸ ಸಮೇತ ತೋರಿಸುವ ಚಿತ್ರ ಆ ದೇಹ ಮುಂದೆ ಏನಾಯಿತು ಎಂಬುದನ್ನು ಮುಟ್ಟುವುದಿಲ್ಲ. ವಢು ಬುದ್ರುಕ್ ಗ್ರಾಮದಲ್ಲಿ ಚೂರುಚೂರಾದ ದೇಹವನ್ನು ಕೂಡಿಸಿ ಸಂಸ್ಕಾರ ಮಾಡಿದವನು ಮಹಾರ ಜಾತಿಯ ಗೋವಿಂದ ಗೋಪಾಳ ಎಂಬುದು ದಲಿತರ ನೆನಪಿನಲ್ಲಿ ಉಳಿದ ಕಥನ. ಅಲ್ಲಗಳೆಯುವವರೂ ಇದ್ದಾರೆ. 2017ರ ಡಿಸೆಂಬರಿನಲ್ಲಿ ಅದೇ ಊರಿನಲ್ಲಿ ಈ ಹೆಸರಿನ ಫಲಕಕ್ಕಾಗಿ ಜಗಳವಾಗಿ, 2018ರ ಜನವರಿ 1ರ ಭೀಮಾ ಕೋರೆಗಾಂವ್ ಗಲಭೆಗೆ ಅದು ಮುನ್ನುಡಿಯಾಯಿತು. ಇತಿಹಾಸಕಾರರು ವಾದ ಮಾಡಲಿ. ಒಂದು ಸಂದೇಹವಾಗಿಯಾದರೂ ಆ ಹೆಸರು ಬರಬಹುದಿತ್ತು. ಬರಲಿಲ್ಲ. ಹಿಂಸೆಗೆ ಅರ್ಧ ತಾಸು, ಹೆಣ ಹೊತ್ತವನಿಗೆ ಅರ್ಧ ನಿಮಿಷವೂ ಇಲ್ಲ. ಮೆಚ್ಚದ ಚಿತ್ರಗಳಲ್ಲಿ ಇದನ್ನು ಮೊದಲು ಬರೆದುಕೊಂಡೆ.

'ಧಡಕ್ 2' ಬಗ್ಗೆ ನನಗೆ ಎರಡು ಮನಸ್ಸು. ಹಿಂದಿನ ಕತೆ ಸ್ವಲ್ಪ ಹೇಳಬೇಕು. ನಾಗರಾಜ ಮಂಜುಳೆಯ 'ಸೈರಾಟ್' 2016ರಲ್ಲಿ ಬಂದಾಗ ನಮ್ಮ ಕಡೆಯವರಿಗೆ ಅದಕ್ಕೆ ಅನುವಾದಕರು ಬೇಕಾಗಲಿಲ್ಲ. ಸಂಕೇಶ್ವರ, ಹುಕ್ಕೇರಿಯಲ್ಲಿ ಮರಾಠಿ ಪರಭಾಷೆಯಲ್ಲ, ಸಂತೆಯ ಭಾಷೆ. 2017ರಲ್ಲಿ ಎಸ್. ನಾರಾಯಣ್ ಅದನ್ನೇ 'ಮನಸು ಮಲ್ಲಿಗೆ' ಎಂದು ಕನ್ನಡಕ್ಕೆ ತಂದರು. ನಾಯಕಿ ಅದೇ ರಿಂಕು ರಾಜಗುರು. ಹುಡುಗಿ ಬಂದಳು, ಹಾಡು ಬಂದವು, ಮಂಜುಳೆಯ ಕಣ್ಣು ಬರಲಿಲ್ಲ. 2018ರಲ್ಲಿ ಹಿಂದಿಯ 'ಧಡಕ್' ಇನ್ನೂ ಮುಂದೆ ಹೋಗಿ ಜಾತಿಯನ್ನು ತೊಳೆದು, ಉದಯಪುರದ ಅರಮನೆಗಳನ್ನು ತೋರಿಸಿತು. ಈಗಿನ 'ಧಡಕ್ 2' ಸೈರಾಟ್ ಬಿಟ್ಟು ಮಾರಿ ಸೆಲ್ವರಾಜ್ ಅವರ ತಮಿಳು ಚಿತ್ರ 'ಪರಿಯೇರುಂ ಪೆರುಮಾಳ್' (2018) ಅನ್ನು ಹಿಡಿದುಕೊಂಡಿದೆ. ನಿರ್ದೇಶಕಿ ಶಾಜಿಯಾ ಇಕ್ಬಾಲ್. ಸೆನ್ಸಾರಿನವರು 16 ಕಡೆ ಕೈ ಹಾಕಿದ ಮೇಲೆ ಆಗಸ್ಟ್ 1ಕ್ಕೆ ಬಿಡುಗಡೆಯಾಯಿತು. ನಾಯಕ ನೀಲೇಶ್ ಅಹಿರ್‌ವಾರ್ ಕಾನೂನು ಕಾಲೇಜಿನಲ್ಲಿ ತನ್ನ ಅಡ್ಡಹೆಸರನ್ನು ನುಂಗುತ್ತಾನೆ. ನುಂಗಿದ ಹೆಸರು ಗಂಟಲಲ್ಲಿ ಸಿಕ್ಕಿಕೊಂಡಿರುವುದನ್ನು ಸಿದ್ಧಾಂತ್ ಚತುರ್ವೇದಿ ಕೆಲವೆಡೆ ನಿಜವಾಗಿ ಅಭಿನಯಿಸಿದ್ದಾನೆ. ಆದರೆ ಆತನ ಮೈಗೆ ಕಂದು ಬಣ್ಣ ಬಳಿದದ್ದು ಯಾಕೆ? ದಲಿತ ಎಂದರೆ ಕಪ್ಪು ಎಂಬ ಲೆಕ್ಕ ಮುಂಬೈಯವರಿಗೆ ಯಾರು ಕಲಿಸಿದರು? ನಮ್ಮ ಕೇರಿಗೆ ಬಂದರೆ ಎಲ್ಲ ಬಣ್ಣದ ಮಂದಿ ಸಿಗುತ್ತಾರೆ. ದಲಿತ ಪಾತ್ರಕ್ಕೆ ಬಣ್ಣ ಹುಡುಕುವವರು ದಲಿತ ನಟನನ್ನು ಹುಡುಕಬಹುದಿತ್ತು.

ಆ ಚಿತ್ರದಲ್ಲಿ ನನ್ನನ್ನು ಅಲುಗಿಸಿದ್ದು ನಾಯಕನ ಅಪ್ಪ. ಹೆಣ್ಣುವೇಷ ಹಾಕಿ ಕುಣಿಯುವ ಕಲಾವಿದ. ವಿಪಿನ್ ಶರ್ಮಾ ಮಾಡಿದ್ದಾರೆ. ಮಗನ ಕಾಲೇಜಿಗೆ ಬಂದ ಅಪ್ಪನನ್ನು ಮೇಲ್ಜಾತಿಯ ಹುಡುಗರು ಅವಮಾನಿಸುತ್ತಾರೆ. ಮೂಡಲಗಿಯ ಗೆಳೆಯರ ಜೊತೆ ಈ ದೃಶ್ಯ ನೋಡುವಾಗ ಯಾರೂ ಮಾತಾಡಲಿಲ್ಲ. ಯಾಕೆಂದರೆ ಇದು ಪಾರಿಜಾತದ ಸೀಮೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಹುಟ್ಟಿದ್ದು, ಕೌಜಲಗಿ ನಿಂಗಮ್ಮ ಹೆಸರು ಮಾಡಿದ್ದು ಇದೇ ನೆಲದಲ್ಲಿ. ಸಣ್ಣಾಟ, ಪಾರಿಜಾತ, ಚೌಡಕಿ ಪದ ಎಂದು ರಾತ್ರಿಯಿಡೀ ಕುಣಿದು, ಹಾಡಿ, ಬೆಳಿಗ್ಗೆ ಬಣ್ಣ ತೊಳೆದು ಕೂಲಿಗೆ ಹೋದ ಗಂಡಸರ ಮಕ್ಕಳು ನಾವು. ರಾತ್ರಿ ಸತ್ಯಭಾಮೆಯ ಬಳುಕಿಗೆ ನೋಟು ಎಸೆದ ಗೌಡ ಬೆಳಿಗ್ಗೆ ಅದೇ ಮನುಷ್ಯನನ್ನು ಅಂಗಳದಾಚೆ ನಿಲ್ಲಿಸುತ್ತಿದ್ದ. ಜಾನಪದ ವಿದ್ವಾಂಸರು ಈ ಕಲೆಗಳ ಬಗ್ಗೆ ಸಾವಿರ ಪುಟ ಬರೆದಿದ್ದಾರೆ. ಛಂದಸ್ಸು, ವೇಷಭೂಷಣ, ಹಿಮ್ಮೇಳ ಎಲ್ಲ ಇದೆ. ಆ ಬೆಳಗಿನ ಅಂಗಳದ ಬಗ್ಗೆ ಬರೆದದ್ದು ಕಡಿಮೆ. ಮಾರಿ ಸೆಲ್ವರಾಜ್ ಮೂಲದಲ್ಲಿ ಬರೆದರು, ಅದರ ನೆರಳು ಹಿಂದಿಯಲ್ಲೂ ಉಳಿದಿದೆ. ಒಂದು ದೃಶ್ಯ ಇಡೀ ಚಿತ್ರವನ್ನು ಎತ್ತಿ ಹಿಡಿಯಲಾರದು, ನಿಜ. ಆದರೆ ಆ ದೃಶ್ಯಕ್ಕಾಗಿ ಚಿತ್ರದ ಉಳಿದ ನಯವನ್ನು ನಾನು ಸಹಿಸಿದೆ.

ಇನ್ನು 'ಕಾಂತಾರ: ಅಧ್ಯಾಯ 1'. ಇದನ್ನು ಮೆಚ್ಚಲಿಲ್ಲ ಎಂದು ಬರೆಯುವುದಕ್ಕೆ ಈಗ ಧೈರ್ಯ ಬೇಕು, ಕನ್ನಡದ್ರೋಹದಿಂದ ಹಿಡಿದು ದೈವದ್ರೋಹದ ತನಕ ಆರೋಪಗಳು ತಯಾರಾಗಿರುತ್ತವೆ. ಅಕ್ಟೋಬರ್ 2ಕ್ಕೆ ಬಂದ ಚಿತ್ರ 800 ಕೋಟಿ ದಾಟಿತು. ರಿಷಬ್ ಶೆಟ್ಟಿಯವರ ದುಡಿಮೆಯನ್ನು, ಕಾಡನ್ನು ಪರದೆಯ ಮೇಲೆ ಕಟ್ಟಿದ ರೀತಿಯನ್ನು ಅಲ್ಲಗಳೆಯುವವನಲ್ಲ ನಾನು. ಮೊದಲರ್ಧದಲ್ಲಿ ಒಂದು ಒಳ್ಳೆಯ ಎಳೆ ಇದೆ. ಕಾಡಿನ ಮಂದಿಗೆ ತಾವು ಬೆಳೆದ ಮಸಾಲೆಯ ನಿಜವಾದ ಬೆಲೆ ಬಂದರಿಗೆ ಹೋದಾಗ ತಿಳಿಯುತ್ತದೆ. ನಮ್ಮ ಮಾಲು ನಾವೇ ಯಾಕೆ ಮಾರಬಾರದು ಎಂಬ ಪ್ರಶ್ನೆ ಏಳುತ್ತದೆ. ಗೋಕಾಕದ ಟಾಕೀಜಿನಲ್ಲಿ ಆ ಭಾಗಕ್ಕೆ ಬಿದ್ದ ಸಿಳ್ಳೆ ಕೇಳಿದೆ. ಕಬ್ಬಿನ ತೂಕ, ಕಬ್ಬಿನ ದರ ಎರಡರಲ್ಲೂ ಮೋಸ ತಿಂದ ಸೀಮೆಯ ಸಿಳ್ಳೆ ಅದು. ಚಿತ್ರ ಇನ್ನೂ ಓಡುತ್ತಿದ್ದಾಗಲೇ, ಅಕ್ಟೋಬರ್ ಕೊನೆಗೆ, ಮೂಡಲಗಿ ತಾಲೂಕಿನ ಗುರ್ಲಾಪುರದಲ್ಲಿ ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತರು. ನವೆಂಬರ್ ಮೊದಲ ವಾರದ ಕೊನೆಗೆ ಸರ್ಕಾರ 3,300ಕ್ಕೆ ಇತ್ಯರ್ಥ ಮಾಡಿತು. ಬೆಳೆದವನ ದರದ ಮಾತು ನಡೆಯಿತು, ಕಡಿಯುವವನ ದರದ ಮಾತು ಎಷ್ಟು ನಡೆಯಿತು? ಮೊಣಕೈತನಕ ಎಲೆ ಗೀರಿದ ಗಾಯ ಹೊತ್ತ ಗ್ಯಾಂಗಿನ ಆಳುಗಳು ಯಾವ ಫೋಟೋದಲ್ಲಿಯೂ ಮುಂದಿನ ಸಾಲಿನಲ್ಲಿ ಕಾಣಲಿಲ್ಲ. ನಾನು ಪ್ರಶ್ನೆಯನ್ನು ಬೇರೆ ಕಡೆ ತಿರುಗಿಸುತ್ತಿಲ್ಲ. ಕಾಂತಾರದ ಕಾಡಿನ ಜನರೂ ಹಾಗೆಯೇ. ಬೆರ್ಮೆ ಎಂಬ ನಾಯಕನಿಗೆ ಹೆಸರಿದೆ. ಅವನ ಹಿಂದೆ ಕುಣಿಯುವ, ಸಾಯುವ ನೂರಾರು ಮಂದಿಗೆ ಒಟ್ಟಾಗಿ ಇರುವುದು ಒಂದೇ ಹೆಸರು, ಕಾಂತಾರದವರು. ಅವರು ಯಾವ ಮಂದಿ?

ಈ ಪ್ರಶ್ನೆಗೆ ತುಳುನಾಡಿನಲ್ಲಿ ಉತ್ತರ ಇದೆ. ಭೂತ ಕಟ್ಟುವವರು ನಲಿಕೆ, ಪಂಬದ, ಪರವ ಸಮುದಾಯದವರು. ಸಂವಿಧಾನದ ಪಟ್ಟಿಯಲ್ಲಿ ಪರಿಶಿಷ್ಟರು. ದೈವ ಮೈಮೇಲೆ ಇರುವಷ್ಟು ಹೊತ್ತು ಗುತ್ತಿನ ಯಜಮಾನನೂ ಅವರ ಮುಂದೆ ಕೈ ಮುಗಿಯಬೇಕು. ಇಳಿದ ಮೇಲೆ? ನಮ್ಮ ಕಡೆಯ ಅನುಭವದಿಂದ ಹೇಳುತ್ತೇನೆ. ಎಲ್ಲಮ್ಮನ ಜೋಗತಿಗೆ ಮೈಮ್ಯಾಲೆ ಬಂದಾಗ ಊರಿನ ದೊಡ್ಡ ಮಂದಿ "ಯವ್ವಾ, ನಮ್ಮ ದನ ಯಾವಾಗ ಸಿಗತೈತಿ, ಮಗಳಿಗೆ ಗಂಡು ಯಾವಾಗ ಬರತೈತಿ" ಎಂದು ಭಂಡಾರ ಹಿಡಿದು ನಿಲ್ಲುತ್ತಾರೆ. ಬಂದದ್ದು ಇಳಿದ ಮೇಲೆ ಅದೇ ಜೋಗತಿ ಪಡಲಗಿ ಹೊತ್ತು ಅದೇ ಮನೆಯ ಮುಂದೆ ಹೋದರೆ ಜೋಳ ಮೇಲಿಂದ ಸುರಿಯುತ್ತಾರೆ, ಕೈ ತಾಗಬಾರದು. ದೇವಿ ಮುಟ್ಟಬಹುದು, ಅವ್ವ ಮುಟ್ಟಬಾರದು. ದೇವದಾಸಿ ಬಿಡುವುದನ್ನು 1982ರ ಕಾಯ್ದೆ ಅಪರಾಧ ಎಂದಿತು. ಕಾಯ್ದೆಗೆ ಈ ಎರಡು ಹೊತ್ತಿನ ನಡುವಿನ ಕಂದರ ಕಂಡಿತು. ಕಾಂತಾರದ ಕ್ಯಾಮರಾಕ್ಕೆ ಕಾಣಲಿಲ್ಲ. ಅದು ಮೈಮೇಲೆ ಬರುವ ಕ್ಷಣಕ್ಕೆ ಹಸಿದು ಕುಳಿತಿರುತ್ತದೆ. ಇಳಿಯುವ ಕ್ಷಣ ಬಂದಾಗ ಕಣ್ಣು ಮುಚ್ಚುತ್ತದೆ. ಮಸಾಲೆಯ ವ್ಯಾಪಾರದಿಂದ ಶುರುವಾದ ಜಗಳವನ್ನು ಆ ಜನ ತಮ್ಮ ಕೈಯಿಂದ, ತಮ್ಮ ಬುದ್ಧಿಯಿಂದ ಗೆಲ್ಲುವುದಿಲ್ಲ. ಮೇಲಿನಿಂದ ಶಕ್ತಿ ಇಳಿದು ಗೆಲ್ಲಿಸುತ್ತದೆ. ಜೊತೆಗೆ ಕಾಡಿನ ದೈವವನ್ನು ಈಶ್ವರನ ಗಣಗಳ ಲೆಕ್ಕಕ್ಕೆ ಜಮಾ ಮಾಡಲಾಗುತ್ತದೆ. ತಳಸಮುದಾಯದ ದೈವಗಳನ್ನು ಶಿಷ್ಟ ದೇವರ ಮನೆಯ ಆಳುಗಳನ್ನಾಗಿ ಮಾಡುವ ಈ ಹಳೆಯ ಪುರಾಣಕಾರರ ಉಪಾಯ ನಮಗೆ ಹೊಸದಲ್ಲ, ಈಗ ಅದಕ್ಕೆ ಗ್ರಾಫಿಕ್ಸ್ ಸಿಕ್ಕಿದೆ ಅಷ್ಟೆ. 2022ರ ಮೊದಲ ಕಾಂತಾರದಲ್ಲಿ ಭೂಮಿ ಯಾರದು ಎಂಬ ಜಗಳವಾದರೂ ಕಾಲ ಊರಿ ನಿಂತಿತ್ತು. ಈ ಬಾರಿ ಕಾಲೂ ನೆಲ ಬಿಟ್ಟಿತು.

ಟಾಕೀಜಿನಲ್ಲಿ ನನ್ನ ಪಕ್ಕ ಕುಳಿತ ಹುಡುಗ, ನಮ್ಮವನೇ, ಕೊನೆಗೆ ಎದ್ದು ನಿಂತು ಕೂಗಿದ. ಆತನ ಆವೇಶವನ್ನು ನಾನು ಹಗುರವಾಗಿ ನೋಡುವುದಿಲ್ಲ. ವರ್ಷವಿಡೀ ತಲೆ ತಗ್ಗಿಸಿದವನಿಗೆ ಒಂದು ತಾಸು ತಲೆ ಎತ್ತುವ ಸುಖ ಸಿಕ್ಕಿತು. ಆ ಸುಖವನ್ನು ಯಾರು, ಯಾವ ಬೆಲೆಗೆ ಮಾರುತ್ತಿದ್ದಾರೆ ಎಂದು ಕೇಳುವುದು ವಿಮರ್ಶೆಯ ಕೆಲಸ.

ಕನ್ನಡದಲ್ಲಿ ಈ ವರ್ಷ ಎಲ್ಲರನ್ನೂ ನಗಿಸಿದ್ದು ಜೆ.ಪಿ. ತುಮಿನಾಡು ನಿರ್ದೇಶನದ 'ಸು ಫ್ರಮ್ ಸೋ'. ನಾನೂ ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಸೋಮೇಶ್ವರದ ಸುಲೋಚನಾ ಎಂದು ಅಲ್ಲಿ ದೆವ್ವಕ್ಕೂ ಒಂದು ಊರಿನ ವಿಳಾಸ ಇದೆ. ಬದುಕಿದವರಿಗೆ ಮಾತ್ರ ಯಾವ ಓಣಿಯೆಂಬುದಿಲ್ಲ. ಅಣ್ಣ, ಭಾವ ಎಂದು ಇಡೀ ಊರೇ ಒಂದು ಮನೆ. ಅಂಥ ಊರು ಇದ್ದರೆ ನನಗೂ ಒಂದು ಜಾಗ ನೋಡಿರಿ, ಹೋಗಿ ಇರುತ್ತೇನೆ. ಇದು ದೂರಲ್ಲ, ಹಾಸ್ಯದ ಚಿತ್ರಕ್ಕೆ ದೂರು ಬರೆಯುವಷ್ಟು ಬಿಗಿ ಮನುಷ್ಯ ನಾನಲ್ಲ. ಆದರೆ ಈ ವರ್ಷ ನಾನು ಕಂಡ ಕನ್ನಡ ಚಿತ್ರಗಳಲ್ಲಿ ಒಬ್ಬ ಮಾದರ ಹುಡುಗನೋ ಚಲವಾದಿ ಹುಡುಗಿಯೋ ತನ್ನ ಹೆಸರು ಹೇಳಿಕೊಂಡು ಎದುರಿಗೆ ಬಂದದ್ದು ನೆನಪಿಲ್ಲ. 'ಚೋಮನ ದುಡಿ' ಬಂದದ್ದು 1975ರಲ್ಲಿ. ಐವತ್ತು ವರ್ಷವಾಯಿತು. ಭೂಸುಧಾರಣೆಯ ಕತೆ ಹೇಳಿದ 'ಕಾಟೇರ' 2023ರ ಕೊನೆಗೆ ಬಂದು ಜನ ಮುಗಿಬಿದ್ದು ನೋಡಿದರು; ಜಾತಿಯ ಮಾತು ಬಂದರೆ ಗಲ್ಲಾ ತುಂಬುವುದಿಲ್ಲ ಎಂಬ ನೆಪವೂ ಇನ್ನು ನಡೆಯುವುದಿಲ್ಲ.

ಈ ವರ್ಷ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ನೀರಜ್ ಘಾಯ್ವಾನ್ ಅವರ 'ಹೋಮ್‌ಬೌಂಡ್'. ತಾನು ದಲಿತ ಎಂದು ಬಹಿರಂಗವಾಗಿ ಹೇಳಿಕೊಂಡು ಹಿಂದಿ ಚಿತ್ರರಂಗದಲ್ಲಿ ಕೆಲಸ ಮಾಡುವ ಕೆಲವೇ ನಿರ್ದೇಶಕರಲ್ಲಿ ಆತ ಒಬ್ಬ. 'ಮಸಾನ್' (2015) ಮಾಡಿ ಹತ್ತು ವರ್ಷದ ಮೇಲೆ ಮಾಡಿದ ಎರಡನೆಯ ಪೂರ್ಣ ಚಿತ್ರ ಇದು. ಮೇ ತಿಂಗಳಲ್ಲಿ ಕಾನ್ ಉತ್ಸವ, ಸೆಪ್ಟೆಂಬರ್ 26ಕ್ಕೆ ನಮ್ಮಲ್ಲಿ ಬಿಡುಗಡೆ, ಆಸ್ಕರಿಗೆ ಭಾರತದ ಆಯ್ಕೆ. ನಮ್ಮ ಕಡೆ ಬಹುತೇಕ ಮಂದಿ ನೋಡಿದ್ದು ನವೆಂಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಬಂದ ಮೇಲೆ, ಒಬ್ಬನ ಚಂದಾದಲ್ಲಿ ಹತ್ತು ಮಂದಿ. 2020ರ ಲಾಕ್‌ಡೌನಿನಲ್ಲಿ ಸೂರತ್ತಿನಿಂದ ಊರಿಗೆ ಹೊರಟ ಇಬ್ಬರು ಗೆಳೆಯರ ಬಗ್ಗೆ ಬಶಾರತ್ ಪೀರ್ ಬರೆದ ಲೇಖನ ಇದರ ಮೂಲ. ಒಬ್ಬ ದಲಿತ, ಒಬ್ಬ ಮುಸಲ್ಮಾನ.

ದಲಿತ ಹುಡುಗ ಚಂದನ್ ಕುಮಾರ್ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕು. ಖಾಕಿ ಹಾಕಿದರೆ ಯಾರೂ ಅಡ್ಡಹೆಸರು ಕೇಳುವುದಿಲ್ಲ ಎಂಬ ನಂಬಿಕೆ. ಅದಕ್ಕಾಗಿ ಮೀಸಲಾತಿಯ ಕಾಲಂ ಬಿಟ್ಟು ಸಾಮಾನ್ಯ ವರ್ಗದಲ್ಲಿ ಅರ್ಜಿ ತುಂಬುತ್ತಾನೆ. ನುಂಗಿದ ಅಡ್ಡಹೆಸರು ವಾಲ್ಮೀಕಿ. ಇಲ್ಲಿ ನಮ್ಮ ಕಡೆಯ ನೋಡುಗರಿಗೆ ಒಂದು ಗೊಂದಲ ಆಯಿತು. ಗೋಕಾಕ, ಯಮಕನಮರಡಿಯ ಕಡೆ ವಾಲ್ಮೀಕಿ ಎಂದರೆ ಬೇಡರು, ನಾಯಕರು; ಸಂಖ್ಯೆ ಇದೆ, ರಾಜಕೀಯ ಇದೆ, ಮಂತ್ರಿಗಳಿದ್ದಾರೆ. "ವಾಲ್ಮೀಕಿ ಅನ್ನಾಕ ಆಂವ ಯಾಕ ಅಂಜಬೇಕು?" ಎಂದು ಒಬ್ಬ ಕೇಳಿದ. ಉತ್ತರ ಹಿಂದೂಸ್ತಾನದಲ್ಲಿ ಆ ಹೆಸರು ಮಲ ಬಳಿಯುವ, ಕಸ ಗುಡಿಸುವ ಕೆಲಸಕ್ಕೆ ತಳ್ಳಲ್ಪಟ್ಟವರದು ಎಂದು ಹೇಳಬೇಕಾಯಿತು. ಒಂದೇ ಹೆಸರು ಒಂದು ಕಡೆ ಮುಂಡಾಸು, ಇನ್ನೊಂದು ಕಡೆ ಕಸಬರಿಗೆ. ದಲಿತ ಅಸ್ಮಿತೆಯನ್ನು ದೇಶಕ್ಕೆಲ್ಲ ಒಂದೇ ಸೂತ್ರದಲ್ಲಿ ಹಿಡಿಯುವ ನಮ್ಮ ವಿಮರ್ಶಕರು ಈ ಪ್ರಶ್ನೆ ಕೇಳಿದ ಹುಡುಗನ ಜೊತೆ ಒಂದು ದಿನ ಕೂರಬೇಕು.

ಚಂದನ್‌ನ ತಾಯಿ ಶಾಲೆಯಲ್ಲಿ ಅಡುಗೆಯವಳು. ಆಕೆ ಮಾಡಿದ್ದನ್ನು ನಮ್ಮ ಮಕ್ಕಳು ಉಣ್ಣುವುದಿಲ್ಲ ಎಂದು ಮೇಲ್ಜಾತಿಯವರು ಆಕೆಯನ್ನು ತೆಗೆಸುತ್ತಾರೆ. ಇದು ಉತ್ತರದವರ ಕತೆ ಎಂದು ದೂರ ಇಡುವ ಹಾಗಿಲ್ಲ. 2025ರ ಜೂನಿನಲ್ಲಿಯೇ ಚಾಮರಾಜನಗರ ಜಿಲ್ಲೆಯ ಒಂದು ಹಳ್ಳಿಯಲ್ಲಿ ದಲಿತ ಹೆಣ್ಣುಮಗಳು ಬಿಸಿಯೂಟ ಮಾಡುತ್ತಾಳೆಂದು ಪೋಷಕರು ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಬಿಡಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಹುಕ್ಕೇರಿ ಕಡೆ ಬಿಸಿಯೂಟದ ಕೆಲಸ ಮಾಡುವ, ನಮ್ಮ ಬಳಗದ ಅಕ್ಕ ಒಬ್ಬಾಕೆಯ ಮನೆಯಲ್ಲಿಯೇ ನಾನು ಈ ಚಿತ್ರ ಎರಡನೆಯ ಸಲ ನೋಡಿದೆ. ಆಕೆಗೆ ಹಿಂದಿ ಅಷ್ಟಾಗಿ ಬರುವುದಿಲ್ಲ, ಅಡುಗೆಮನೆಯ ದೃಶ್ಯಕ್ಕೆ ಬೇಕಾಗಲೂ ಇಲ್ಲ. "ತಮ್ಮಾ, ಅಕಿ ಭಾಂಡೆ ನೋಡಿದೇನು, ಒಳಗ ಹೊರಗ ಎರಡೂ ಬೆಳ್ಳಗ ತಿಕ್ಕ್ಯಾಳ. ನಮ್ಮವ್ರು ಹಂಗ ತಿಕ್ಕಬೇಕಾಗತೈತಿ. ಬ್ಯಾರೆಯವ್ರು ತಿಕ್ಕದಿದ್ರ ಹೊಲಸು ಅಂತಾರ, ನಾವು ತಿಕ್ಕದಿದ್ರ ಜಾತಿ ಅಂತಾರ" ಎಂದಳು. ಆ ಪಾತ್ರೆಗಳನ್ನು ನಾನು ಮೊದಲ ಸಲ ಗಮನಿಸಿಯೇ ಇರಲಿಲ್ಲ. ಯಾವ ಸಿನಿಮಾ ಪುರವಣಿಯ ವಿಮರ್ಶೆಯಲ್ಲೂ ಅವುಗಳ ಮಾತು ಓದಿದ ನೆನಪಿಲ್ಲ.

ತಾಯಿಯ ಒಡೆದ ಹಿಮ್ಮಡಿ ಈ ಚಿತ್ರದಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊಲ ಬರುವುದಿಲ್ಲ, ಮನೆ ಬರುವುದಿಲ್ಲ, ಮಗನಿಗೆ ಪಿತ್ರಾರ್ಜಿತವಾಗಿ ಬರುವುದು ಆ ಬಿರುಕು. ಇಂಥ ಪ್ರತಿಮೆಯನ್ನು ಬೇರೆಯವರು ಮಾಡಿದ್ದರೆ ಕರುಣೆ ಉಕ್ಕಿಸಿ ಹಾಳು ಮಾಡುತ್ತಿದ್ದರು. ಘಾಯ್ವಾನ್ ಒಂದು ಗಾಯವನ್ನು ನೋಡುವ ಡಾಕ್ಟರನಂತೆ ನೋಡಿ ಮುಂದೆ ಹೋಗುತ್ತಾನೆ. ಸೆನ್ಸಾರಿನವರು ಇಲ್ಲಿಯೂ 11 ಕಡೆ ಕತ್ತರಿ ಆಡಿಸಿದರು. ಆಲೂಗಡ್ಡೆ, ಹೂಕೋಸಿನ ಪಲ್ಯದ ಮಾತಿಗೂ ಕತ್ತರಿ ಬಿತ್ತಂತೆ. ಪಲ್ಯದಲ್ಲಿ ಜಾತಿ ಇದೆ ಎಂದು ಅವರಿಗೂ ಗೊತ್ತು ಎಂದಾಯಿತು.

ತಕರಾರು ಇಲ್ಲವೇ? ಇದೆ. ಜಾನ್ಹವಿ ಕಪೂರ್ ಮಾಡಿದ ಸುಧಾ ಭಾರತಿ ಎಂಬ ಪಾತ್ರ ಅಂಬೇಡ್ಕರರ ದಾರಿಯ ಹುಡುಗಿ, ಓದಿನ ಬಗ್ಗೆ ಖಚಿತವಾಗಿ ಮಾತಾಡುವವಳು. ಆಕೆ ಚಂದನ್‌ನನ್ನು ತಿದ್ದಲು ಬಂದು ಹೋಗುತ್ತಾಳೆಯೇ ಹೊರತು ಆಕೆಯ ಬದುಕಿಗೆ ಚಿತ್ರದಲ್ಲಿ ಜಾಗ ಇಲ್ಲ. ಕೊನೆಗೆ ರಸ್ತೆಯಲ್ಲಿ ಸಾಯುವವನು ದಲಿತನೇ. ನಡೆದ ಘಟನೆಯೇ ಹಾಗಿತ್ತು, ನಿರ್ದೇಶಕ ಏನು ಮಾಡಬೇಕು ಎನ್ನಬಹುದು. ಆದರೆ ದಲಿತನ ಹೆಣದ ಮುಂದೆ ಮಾತ್ರ ಮೃದುವಾಗುವ ಒಂದು ಪ್ರೇಕ್ಷಕ ವರ್ಗ ಈ ದೇಶದಲ್ಲಿದೆ, ಅವರ ಕಣ್ಣೀರು ನಮಗೆ ಬಹಳ ದುಬಾರಿಯಾಗಿದೆ. ಅದೇ ಅಕ್ಟೋಬರಿನಲ್ಲಿ ಬಂದ ಮಾರಿ ಸೆಲ್ವರಾಜರ 'ಬೈಸನ್' ಚಿತ್ರದ ಕಬಡ್ಡಿ ಹುಡುಗ ಬದುಕುತ್ತಾನೆ, ದೇಶದ ಅಂಗಿ ಹಾಕುತ್ತಾನೆ. ಮಣತ್ತಿ ಗಣೇಶನ್ ಎಂಬ ಅರ್ಜುನ ಪ್ರಶಸ್ತಿ ಪಡೆದ ಆಟಗಾರನ ಬದುಕು ಅದಕ್ಕೆ ಪ್ರೇರಣೆ. ಮೂಡಲಗಿಯ ಹುಡುಗರು ಎರಡನ್ನೂ ನೋಡಿ 'ಬೈಸನ್' ಕಡೆ ವಾಲಿದರು. "ಸಾಯೂದು ನಮಗ ಗೊತ್ತೈತ್ರಿ ಸರ, ಬದುಕೂದು ತೋರಸ್ರಿ" ಎಂದ ಒಬ್ಬ. ಕಲೆಗಾರಿಕೆಯಲ್ಲಿ 'ಹೋಮ್‌ಬೌಂಡ್' ಮೇಲು ಎಂದು ನಾನು ಈಗಲೂ ಹೇಳುತ್ತೇನೆ. ಬೈಸನ್ ಎರಡು ಬಣಗಳ ಹೊಡೆದಾಟದಲ್ಲಿ ಬಹಳ ಹೊತ್ತು ಕಳೆದುಹೋಗುತ್ತದೆ. ಆದರೆ ಆ ಹುಡುಗನ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇರಲಿಲ್ಲ.

'ಹೋಮ್‌ಬೌಂಡ್' ಕೊನೆಗೂ ನನಗೆ ಮೇಲೆನಿಸಿದ್ದು ಒಂದು ಸಣ್ಣ ಜಗಳದಿಂದ. ಚಂದನ್‌ನ ಅಕ್ಕ ಅವನಿಗೆ ಕೇಳುತ್ತಾಳೆ: ಈ ಮನೆಯಲ್ಲಿ ಓದು, ಕೆಲಸ, ಏನು ಆಗಬೇಕು ಎಂದು ಆರಿಸಿಕೊಳ್ಳುವ ಹಕ್ಕು ನಿನಗೊಬ್ಬನಿಗೇ ಸಿಕ್ಕಿತಲ್ಲ, ನನಗೆ? ಅಡ್ಡಹೆಸರಿನ ಅವಮಾನವನ್ನು ಊರೆಲ್ಲ ಎದುರಿಸಿ ಬಂದ ಹುಡುಗನಿಗೆ ಮನೆಯೊಳಗೆ ಈ ಪ್ರಶ್ನೆ ಎದುರಾಗುತ್ತದೆ, ಅವನ ಬಳಿ ಉತ್ತರ ಇಲ್ಲ. ನಮ್ಮ ದಲಿತ ಕಥನಗಳು ಅಣ್ಣ ತಮ್ಮಂದಿರ ಆತ್ಮಕಥೆಗಳಾಗಿಯೇ ಬಹುಕಾಲ ನಡೆದವು. ಅಕ್ಕ ತಂಗಿಯರು ಕೂಲಿ ಮಾಡಿ ಕಳಿಸಿದ ದುಡ್ಡಿನಲ್ಲಿ ಧಾರವಾಡದ ಹಾಸ್ಟೆಲಿನಲ್ಲಿ ಓದಿದವರು ನಾವು ಎಷ್ಟು ಮಂದಿ ಇಲ್ಲ! ಬಿಸಿಯೂಟದ ಅಕ್ಕ ಆ ದೃಶ್ಯದಲ್ಲಿ ಮಗನ ಕಡೆ ನೋಡಲಿಲ್ಲ, ಒಳಗೆ ರೊಟ್ಟಿ ಬಡಿಯುತ್ತಿದ್ದ ಮಗಳನ್ನು ಹೊರಗೆ ಕರೆದಳು. "ಬಾ, ಇದನ್ನ ನೋಡು" ಎಂದಳು.

ಒಂದು ಚಿತ್ರ ಈ ಬರಹದಲ್ಲಿ ಇರಬೇಕಿತ್ತು, ಇಲ್ಲ. ಸಂಧ್ಯಾ ಸೂರಿಯವರ 'ಸಂತೋಷ್'. ದಲಿತ ಹುಡುಗಿಯೊಬ್ಬಳ ಅತ್ಯಾಚಾರ, ಕೊಲೆ, ಅದರ ತನಿಖೆಗೆ ಹೋಗುವ ಹೆಣ್ಣು ಕಾನ್‌ಸ್ಟೇಬಲ್, ಠಾಣೆಯೊಳಗಿನ ಜಾತಿ ಇದರ ವಸ್ತು. ಹಿಂದಿಯಲ್ಲಿದೆ, ಬ್ರಿಟನ್ನಿನಿಂದ ಆಸ್ಕರಿಗೆ ಹೋಗಿತ್ತು. 2025ರ ಮಾರ್ಚಿನಲ್ಲಿ ಸೆನ್ಸಾರ್ ಮಂಡಳಿ ಟಾಕೀಜಿನ ಬಿಡುಗಡೆಗೆ ಅಡ್ಡ ನಿಂತಿತು. ಅಕ್ಟೋಬರ್ 17ಕ್ಕೆ ಮೊಬೈಲಿನಲ್ಲಾದರೂ ಬರುತ್ತದೆ ಎಂದು ಪ್ರಕಟಣೆ ಬಂತು, ಅದೂ ನಿಂತಿತು. ಆ ದಿನ ಸಂಜೆ ಮೂಡಲಗಿಯಲ್ಲಿ ಐದಾರು ಮಂದಿ ಕಾದು ಕುಳಿತಿದ್ದೆವು. ನೋಡದ ಚಿತ್ರವನ್ನು ಮೆಚ್ಚಿದೆ ಎಂದು ಬರೆಯಲು ಬರುವುದಿಲ್ಲ, ಮೆಚ್ಚಲಿಲ್ಲ ಎಂದೂ ಬರುವುದಿಲ್ಲ. ಆ ಸಂಜೆ ಕೊನೆಗೆ 'ಪರಿಯೇರುಂ ಪೆರುಮಾಳ್' ಹಚ್ಚಿ, ಮೂರನೆಯ ಸಲವೋ ನಾಲ್ಕನೆಯ ಸಲವೋ, ನೋಡಿದೆವು.